ಹರಿದದ್ದು ಯಾವ ಕಿವಿ

ಬೆಕ್ಕುಗಳ ಬಗ್ಗೆ ನನಗೆ ವಿಶೇಷ ಒಲವಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ಮುಂದೆ ಹೇಳಲಿರುವ ವಿಷಯದಲ್ಲಿ ನಮ್ಮ ಕಟ್ಟಡದ ಪ್ರತಿಯೊಬ್ಬರೂ ಒಂದಲ್ಲ ಒಂದು ಕಡೆಗೆ ವಾಲಿದ್ದಾರೆ. ಯಾರಾದರೂ ಒಬ್ಬರು ನೆಟ್ಟಗೆ ನಿಂತು ನಡೆದದ್ದನ್ನು ನಡೆದ ಹಾಗೆ ಹೇಳಬೇಕಲ್ಲ. ನಾನು ಶಾಲೆಯಲ್ಲಿ ಲೆಕ್ಕ ಹೇಳಿಕೊಡುವವನು. ಎರಡನೆಯ ಮಹಡಿಯಲ್ಲಿ ಬೋರ್ಡಣ್ಣನ ಮನೆ ಒಂದು ಪಕ್ಕ, ನನ್ನ ಮನೆ ಇನ್ನೊಂದು ಪಕ್ಕ. ನಡುವೆ ಮೆಟ್ಟಿಲು ಬಂದು ಸೇರುವ ಪುಟ್ಟ ಪ್ಯಾಸೇಜು. ಎಲ್ಲವೂ ನಡೆದದ್ದು ಅಲ್ಲಿಯೇ.

ಬೋರ್ಡಣ್ಣ ಅಂಗಡಿಗಳಿಗೆ ಬೋರ್ಡು ಬರೆಯುವವನು. ಅವನ ಅಕ್ಷರ ನೋಡಿದರೆ ಕಣ್ಣಿಗೊತ್ತಿಕೊಳ್ಳಬೇಕು ಅನ್ನಿಸುತ್ತದೆ. ಆದರೆ ದೇವರು ಅಕ್ಷರದಲ್ಲಿ ಕೊಟ್ಟದ್ದನ್ನೆಲ್ಲ ಚಿತ್ರದಲ್ಲಿ ಕಿತ್ತುಕೊಂಡಿದ್ದ. ಒಮ್ಮೆ ಒಂದು ವಸತಿಗೃಹಕ್ಕೆ ದಾರಿ ತೋರಿಸುವ ಕೈ ಬರೆದುಕೊಟ್ಟಿದ್ದ; ಅದಕ್ಕೆ ಆರು ಬೆರಳಿದ್ದವು. ಕೇಳಿದರೆ, "ದಾರಿ ತೋರ್ಸೋದು ಒಂದೇ ಬೆರಳಲ್ವಾ ಮೇಷ್ಟ್ರೇ, ಉಳಿದದ್ದು ಎಷ್ಟಿದ್ರೇನು?" ಎಂದ. ಲೆಕ್ಕದ ಮೇಷ್ಟರಿಗೆ ಹೇಳುವ ಮಾತಲ್ಲ ಅದು. ಅವನನ್ನು ಬೋರ್ಡಣ್ಣ ಎಂದು ಕರೆದು ಕರೆದು ಅವನ ಹೆಂಡತಿಯೂ ಬೋರ್ಡಕ್ಕ ಆಗಿದ್ದಾಳೆ. ಅವನ ತಾಯಿ ಮಾತ್ರ ಕಟ್ಟಡಕ್ಕೆಲ್ಲ ಅಜ್ಜಿ.

ಇನ್ನು ಮರಿ. ಮರಿ ಅಂದರೆ ಅವರ ಮನೆಯ ಗಂಡುಬೆಕ್ಕು. ಒಂದು ಸಂಜೆ ಬೋರ್ಡಣ್ಣ ಕೆಲಸ ಮುಗಿಸಿ ಸೈಕಲ್ಲಿನಿಂದ ಬಣ್ಣದ ಖಾಲಿ ಡಬ್ಬ ಇಳಿಸಿದಾಗ ಅದರೊಳಗೆ ನಿದ್ದೆ ಮಾಡುತ್ತ ಬಂದದ್ದು. ಬಾಲದ ತುದಿಗೆ ಹಸಿರು ಬಣ್ಣ ಮೆತ್ತಿಕೊಂಡು, ಅದು ಉದುರುವವರೆಗೂ ಆ ಪ್ರಾಣಿ ಕಟ್ಟಡದಲ್ಲೆಲ್ಲ ಚಿಗುರೊಡೆದ ಕಡ್ಡಿಯೊಂದನ್ನು ಎತ್ತಿಕೊಂಡು ಓಡಾಡುವ ಹಾಗೆ ಕಾಣುತ್ತಿತ್ತು. ಅಜ್ಜಿ ಅವತ್ತು "ಬಾರೋ ಮರಿ" ಎಂದು ಕರೆದರು. ಆಮೇಲೆ ಅದು ಬೆಳೆದು, ಹೊಟ್ಟೆ ಬಂದು, ಗಲ್ಲದ ಕೆಳಗೆ ಇನ್ನೊಂದು ಗಲ್ಲ ಇಳಿದು, ಮುದುಕನಾದ ಮೇಲೂ ಹೆಸರು ಮರಿ ಎಂದೇ ಉಳಿಯಿತು.

ಮರಿ ಬಹಳ ಗಂಭೀರ. ದಾರದ ಉಂಡೆ ಎಸೆದರೆ ಉಂಡೆಯನ್ನು ನೋಡುತ್ತಿರಲಿಲ್ಲ, ಎಸೆದವರನ್ನು ನೋಡುತ್ತಿದ್ದ. ಆ ನೋಟದಲ್ಲಿ ಕನಿಕರವಿರುತ್ತಿತ್ತು. ಮೆಟ್ಟಿಲು ಹತ್ತುವಾಗ ಸರಿಯಾಗಿ ನಡುಮಧ್ಯದಲ್ಲಿ ಹತ್ತುತ್ತಿದ್ದ. ಪಕ್ಕಕ್ಕೆ ಸರಿಯಬೇಕಾದವರು ನಾವು. ಯಾರ ಬಾಗಿಲಾದರೂ ಸರಿ, ಒಳಗೆ ಕಾಲಿಡುವ ಮೊದಲು ಪಕ್ಕದ ಗೋಡೆಯ ಮೂಲೆಗೆ ಕೆನ್ನೆಯನ್ನು ಒಮ್ಮೆ ಉಜ್ಜಿ, ಹಾಜರಿ ಹಾಕಿದ ಹಾಗೆ ಮಾಡಿ ಹೋಗುವುದು ಅವನ ಅಭ್ಯಾಸ. ಅಜ್ಜಿಯ ಕಣ್ಣು ಮಂಜಾಗತೊಡಗಿದ ಮೇಲೆ ಅವರ ಕಾಲಿಗೆ ಅಡ್ಡ ಬರುವುದನ್ನು ಬಿಟ್ಟುಬಿಟ್ಟ. ಯಾರೂ ಕಲಿಸಿದ್ದಲ್ಲ. ಅವರು ಇಳಿಯುವಾಗ ಒಂದು ಮೆಟ್ಟಿಲು ಮುಂದಿದ್ದುಕೊಂಡು, ಮೆಟ್ಟಿಲಿಗೊಮ್ಮೆ ಸಣ್ಣಗೆ ಒಂದು ದನಿ ತೆಗೆಯುತ್ತಿದ್ದ. ನಮ್ಮೆಲ್ಲರ ಕಾಲಿಗೆ ಅಡ್ಡ ಬರುವುದನ್ನು ಮಾತ್ರ ಕೊನೆಯವರೆಗೂ ಬಿಡಲಿಲ್ಲ.

ಒಂದು ಮಧ್ಯಾಹ್ನ ಅಜ್ಜಿ ಎಂದಿನಂತೆ ಬಾಗಿಲ ಪಕ್ಕ ತಮ್ಮ ಕುಳ್ಳು ಸ್ಟೂಲಿನ ಮೇಲೆ ಕೂತಿದ್ದಾಗ, ಅವರ ಕೈ ತನ್ನ ಬೆನ್ನ ಮೇಲಿರುವಂತೆಯೇ ಮರಿ ತೀರಿಕೊಂಡ. ಅಜ್ಜಿ ಸಂಜೆಯವರೆಗೂ "ಸದ್ದು ಮಾಡ್ಬೇಡಿ, ಮಲಗಿದ್ದಾನೆ" ಅನ್ನುತ್ತಿದ್ದರು. ಅಲ್ಲ ಎಂದು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಹಿಂದುಗಡೆ ನೀರಿನ ಟ್ಯಾಂಕಿನ ಪಕ್ಕ ಹೂತೆವು. ನಾನು ಹೋದದ್ದು ಗುದ್ದಲಿ ನನ್ನದಾದ್ದರಿಂದ, ಅಷ್ಟೇ.

ಅದಾದ ಮೇಲೂ ಅಜ್ಜಿ ದಿನಾ ಅದೇ ಸ್ಟೂಲಿನ ಮೇಲೆ ಕೂರುತ್ತಿದ್ದರು. ಕೈ ಮಾತ್ರ ಪಕ್ಕಕ್ಕೆ ಜೋತುಬಿದ್ದು ಗೋಡೆಯ ಬುಡದ ಹತ್ತಿರ ಓಲಾಡುತ್ತಿತ್ತು. ಒಂದು ಸಂಜೆ ಮಗನನ್ನು ಕರೆದು, "ಅವನ ಮುಖ ಕಣ್ಣಿಗೆ ಬರ್ತಾ ಇಲ್ಲ ಕಣಪ್ಪ. ದನಿ ನೆನಪಿದೆ, ಭಾರ ನೆನಪಿದೆ, ಮುಖ ಜಾರಿ ಹೋಗ್ತಾ ಇದೆ" ಎಂದರು. ಹಾಗೆ ಹೇಳುವಾಗ ಅವರಿಗೆ ಹೆದರಿಕೆಯಾಗಿತ್ತು. ಕಣ್ಣು ಹೊರಗಿನದನ್ನೆಲ್ಲ ಒಂದೊಂದಾಗಿ ತೆಗೆದುಕೊಂಡು ಹೋಗುತ್ತಿತ್ತು, ಈಗ ಒಳಗಿನದಕ್ಕೂ ಕೈ ಹಾಕಿದೆ ಎನ್ನುವ ಹೆದರಿಕೆ.

ಮನೆಯಲ್ಲಿದ್ದ ಫೋಟೋಗಳನ್ನೆಲ್ಲ ಹುಡುಕಿದರು. ಒಂದರಲ್ಲಿ ಮರಿ ಸಿಕ್ಕ: ಸಾಲಾಗಿ ನಿಂತ ನೆಂಟರ ಪಾದಗಳ ಹತ್ತಿರ, ಚೌಕಟ್ಟಿನಿಂದ ಹೊರಗೆ ನಡೆದುಹೋಗುತ್ತಿರುವ ಒಂದು ಬಾಲ. ಸಿಕ್ಕಿದರೂ ಪ್ರಯೋಜನವಿರಲಿಲ್ಲ ಬಿಡಿ. ಅಂಗೈಯಗಲದ ಫೋಟೋ ಅಜ್ಜಿಗೆ ಕಾಣುವುದಿಲ್ಲ. ಬಾಗಿಲಿನಷ್ಟು ದೊಡ್ಡದಿದ್ದರೆ ಮಾತ್ರ ಏನೋ ಇದೆ ಎಂದು ತಿಳಿಯುತ್ತದೆ.

"ಹಾಗಿದ್ರೆ ಬಾಗಿಲಷ್ಟೇ ದೊಡ್ಡದು ಬರೀತೀನಿ," ಎಂದ ಬೋರ್ಡಣ್ಣ. "ನಿನ್ನ ಸ್ಟೂಲಿನ ಎದುರಿಗೇ ಗೋಡೆ ಇದೆಯಲ್ಲಮ್ಮ."

"ನಿಮಗೆ ಬರೋದು ಅಕ್ಷರ," ಎಂದಳು ಬೋರ್ಡಕ್ಕ.

"ಅಕ್ಷರ ಬರೆಯೋ ಕೈಗೆ ಬೆಕ್ಕು ಯಾವ ಲೆಕ್ಕ? ಅಕ್ಷರ ತಪ್ಪಾದ್ರೆ ಅಂಗಡಿಯವನು ಬೈತಾನೆ. ಬೆಕ್ಕು ತಪ್ಪಾದ್ರೆ ಯಾರು ಬೈತಾರೆ?"

ಯಾರು ಬೈದರು ಎನ್ನುವುದನ್ನೇ ಇನ್ನು ಹೇಳಬೇಕು.

ಮೆಟ್ಟಿಲ ಗೋಡೆ ಎಲ್ಲರಿಗೂ ಸೇರಿದ್ದು. ಅದರ ಮೇಲೆ ಮೊಳೆ ಹೊಡೆಯಬೇಕಾದರೂ ಮೂರನೆಯ ಮಹಡಿಯ ಅಧ್ಯಕ್ಷರ ಒಪ್ಪಿಗೆ ಬೇಕು. ಅಧ್ಯಕ್ಷರು ಅಂದರೆ ನಮ್ಮ ಕಟ್ಟಡದ ಸಂಘದ ಅಧ್ಯಕ್ಷರು. ದೊಡ್ಡ ಕಚೇರಿಯೊಂದರಲ್ಲಿ ಅಧಿಕಾರಿಯಾಗಿದ್ದು ನಿವೃತ್ತರಾದವರು, ಹೆಂಡತಿ ಹೋದ ಮೇಲೆ ಒಬ್ಬರೇ ಇರುವವರು. ಮರಿಗೂ ಅವರಿಗೂ ಎಣ್ಣೆ ಸೀಗೆಕಾಯಿ. ಸಾಕುಪ್ರಾಣಿಗಳು ಮೆಟ್ಟಿಲ ಮೇಲೆ ತಿರುಗಬಾರದು ಎಂದು ಒಂದು ಬೋರ್ಡನ್ನೇ ಬರೆಸಿ ಕೆಳಗೆ ಹಾಕಿಸಿದ್ದರು. ಬರೆದವನು ಬೋರ್ಡಣ್ಣನೇ. ಅದರ ಅಡಿಯಲ್ಲಿ ತಂಪಾಗಿರುತ್ತದೆಂದು ಮರಿ ಬೇಸಿಗೆಯಲ್ಲೆಲ್ಲ ಅಲ್ಲೇ ಮಲಗುತ್ತಿದ್ದ. ಆ ವಾರ ಅಧ್ಯಕ್ಷರು ಮಗಳ ಮನೆಗೆ ಹೋಗಿದ್ದರು. ಬಂದ ಮೇಲೆ ಕೇಳಿದರಾಯಿತು ಎಂದುಕೊಂಡು ಬೋರ್ಡಣ್ಣ ಗೋಡೆಗೆ ಏಣಿ ಒರಗಿಸಿದ.

ಮೊದಲು ದೊಡ್ಡದೊಂದು 'ಠ' ಬರೆದ. ಅದಕ್ಕೆ ಎರಡು ಕಡೆ ತಲಕಟ್ಟು ಏರಿಸಿ ಕಿವಿ ಅಂದ. ಒಳಗೆ ಎರಡು ಸೊನ್ನೆ ಸುತ್ತಿ ಕಣ್ಣು ಅಂದ. ಅಷ್ಟು ಹೊತ್ತಿಗೆ ಸುದ್ದಿ ಹರಡಿ, ಕೆಳಗಿನ ಟೈಲರಮ್ಮ, ಮೊದಲ ಮಹಡಿಯ ಹಲ್ಲಿನ ಡಾಕ್ಟರು ಎಲ್ಲರೂ ಬಂದು ಸೇರಿದರು. ನಾನು ನನ್ನ ಬಾಗಿಲಲ್ಲಿಯೇ ಇದ್ದೆ. ಬಾಗಿಲು ತೆರೆದರೆ ಕಾಣುತ್ತದೆ, ನೋಡದೆ ವಿಧಿಯಿಲ್ಲ.

"ಕಣ್ಣು ಅಷ್ಟು ಬಿಟ್ಟಿರ್ತಿರಲಿಲ್ಲ," ಎಂದರು ಟೈಲರಮ್ಮ. "ಅರ್ಧ ಮುಚ್ಚಿಕೊಂಡು, ಎದುರಿಗಿರೋರು ಯಾರು ಅಂತ ಕೇಳೋ ಹಾಗೆ ನೋಡ್ತಿದ್ದ. ಆ ಹಾಳು ಪ್ರಾಣಿನ ನಾನು ಅಂಗಡಿ ಒಳಗೆ ಬಿಟ್ಕೊಂಡಿಲ್ಲಪ್ಪ. ಮೆಷಿನ್ ಪಕ್ಕ ಬಟ್ಟೆ ರಾಶಿ ಮೇಲೆ ಮಲಗಿದ್ದಾಗ ನೋಡಿದ್ದು."

ಬೋರ್ಡಣ್ಣ ರೆಪ್ಪೆ ಇಳಿಸಿದ.

"ಹುಬ್ಬು ಗಂಟಿಕ್ಕಿರ್ತಿತ್ತು," ಎಂದರು ಡಾಕ್ಟರು.

"ಬೆಕ್ಕಿಗೆ ಹುಬ್ಬೆಲ್ಲಿಂದ ಬರ್ಬೇಕು ಡಾಕ್ಟ್ರೇ?" ಎಂದೆ ನಾನು.

"ಹಣೆ ಮೇಲೆ ಕಪ್ಪು ಪಟ್ಟೆ ಇರ್ಲಿಲ್ವಾ? ನಾನು ಪೇಷಂಟ್ ಬಾಯಿಗೆ ಕೈ ಹಾಕಿದಾಗೆಲ್ಲ ಕಿಟಕೀಲಿ ಕೂತು ಹಾಗೇ ನೋಡ್ತಿದ್ದ. ಒಳಗೆ ಮಾತ್ರ ನಾನು ಬಿಟ್ಟಿಲ್ಲ. ಕ್ಲಿನಿಕ್ಕು ಅಂದ್ರೆ ಶುಚಿ ಮುಖ್ಯ."

ಬೋರ್ಡಣ್ಣ ಹುಬ್ಬು ಬರೆದ. ಬೋರ್ಡಕ್ಕ ಎರಡನೆಯ ಗಲ್ಲವನ್ನು ನೆನಪಿಸಿದಳು, ಅದನ್ನೂ ಇಳಿಸಿದ. ಮೀಸೆ ತೆಳ್ಳಗಾಯಿತು ಎಂದು ಟೈಲರಮ್ಮ ಆಕ್ಷೇಪಿಸಿದರು. ಅಂಗಡಿಯ ಹೆಸರು ಬರೆಯುವ ದಪ್ಪ ಬ್ರಷ್ಷಿನಲ್ಲೇ ಮೀಸೆ ಎಳೆದ. ಜಗಳ ಹತ್ತಿದ್ದು ಕಿವಿಯ ವಿಷಯದಲ್ಲಿ. ಮರಿಗೆ ಒಂದು ಕಿವಿ ಹರಿದಿತ್ತು, ಯೌವನದಲ್ಲಿ ಯಾವುದೋ ಜಗಳದಲ್ಲಿ ಆದದ್ದು. ಯಾವ ಕಿವಿ?

"ಬಲಗಿವಿ," ಎಂದಳು ಬೋರ್ಡಕ್ಕ. "ಇಷ್ಟು ವರ್ಷ ಅನ್ನ ಹಾಕಿದ್ದೀನಿ, ನನಗೆ ಗೊತ್ತಿಲ್ವಾ?"

"ಅವನ ಬಲಾನೋ, ನಮ್ಮ ಬಲಾನೋ?" ಎಂದರು ಡಾಕ್ಟರು. "ಹಲ್ಲಿನಲ್ಲೂ ಇದೇ ತೊಂದರೆ ಆಗುತ್ತೆ. ಒಮ್ಮೆ ಹೀಗೇ..." ಮುಂದಿನದನ್ನು ನುಂಗಿಕೊಂಡರು. ಟೈಲರಮ್ಮ ಮೆಲ್ಲಗೆ ದವಡೆ ಮುಟ್ಟಿಕೊಂಡರು.

"ಹರಿದೇ ಇರ್ಲಿಲ್ಲ, ತುದಿ ಮಡಚಿಕೊಂಡಿತ್ತು ಅಷ್ಟೆ," ಎಂದರು ಟೈಲರಮ್ಮ.

ಅಜ್ಜಿಯನ್ನು ಕೇಳಿದರೆ, "ಮುಟ್ಟಿದ್ರೆ ಹೇಳ್ತಿದ್ದೆ," ಎಂದಷ್ಟೇ ಹೇಳಿದರು. ಕೊನೆಗೆ ಬೋರ್ಡಣ್ಣ ಬಲಗಿವಿಯನ್ನೇ ಹರಿದ. ಎಡಗಡೆ ವಿದ್ಯುತ್ ಮೀಟರಿನ ಪೆಟ್ಟಿಗೆ ಇತ್ತು, ಹರಿಯಲು ಜಾಗ ಸಾಲಲಿಲ್ಲ.

ಚಿತ್ರ ಮುಗಿದ ಮೇಲೆ ಕೆಳಗೆ ಎರಡು ಸಾಲು ಬರೆಯಬೇಕೆಂದಾಯಿತು. ಹೆಸರು ಹಾಕಲೇ ಎಂದು ಕೇಳಿದಾಗ ಅಜ್ಜಿ ಬೇಡವೆಂದರು. "ನಾವು ಮರಿ ಅಂತಿದ್ವಿ. ಬೇರೆಯವರು ಬೇರೆ ಏನೇನೋ ಕರೀತಿದ್ರು, ಮೆಟ್ಟಿಲಲ್ಲಿ ಕೇಳಿಸ್ತಿತ್ತು ನನಗೆ. ಒಂದು ಹೆಸರು ಹಾಕಿ ಉಳಿದದ್ದು ಬಿಟ್ರೆ ಆಗಲ್ಲ." ಅದಕ್ಕೆ ಬೋರ್ಡಣ್ಣ ತನ್ನ ಅತಿ ಸುಂದರವಾದ ಕೈಯಲ್ಲಿ, ನೆರಳು ಕೊಟ್ಟು, ಹೀಗೆ ಬರೆದ: 'ಹದಿನಾಲ್ಕು ವರ್ಷ ಈ ಮೆಟ್ಟಿಲುಗಳನ್ನು ಹತ್ತಿ ಇಳಿದು, ನಮ್ಮನ್ನು ಅಗಲಿದ ಹಿರಿಯ ಜೀವದ ನೆನಪಿಗೆ.'

ಅಜ್ಜಿ ಗೋಡೆಯ ಹತ್ತಿರ ಹೋಗಿ, ತಲೆಯನ್ನು ಆ ಕಡೆ ಈ ಕಡೆ ವಾಲಿಸಿ ನೋಡಿ, "ಚೆನ್ನಾಗಿದೆ ಕಣಪ್ಪ," ಎಂದರು. ಹೋಗಿ ಮತ್ತೆ ಸ್ಟೂಲಿನ ಮೇಲೆ ಕೂತರು.

ನನಗೆ ಮಾತ್ರ ಆ ಮುಖವನ್ನು ಎಲ್ಲೋ ನೋಡಿದ್ದೇನೆ ಅನ್ನಿಸುತ್ತಿತ್ತು. ಮರಿಯಲ್ಲ, ಖಂಡಿತ. ಆದರೆ ತೀರ ಪರಿಚಯದ ಮುಖ.

ಮರುದಿನ ಬೆಳಿಗ್ಗೆ ಗ್ಯಾಸ್ ಸಿಲಿಂಡರಿನವನು ಬಂದ. ಭುಜದ ಮೇಲೆ ಸಿಲಿಂಡರು ಹೊತ್ತು, ಏದುಸಿರು ಬಿಡುತ್ತ ನಮ್ಮ ಮಹಡಿಗೆ ಹತ್ತಿ, ತಲೆ ಎತ್ತಿದವನೇ ಸಿಲಿಂಡರನ್ನು ಧೊಪ್ಪೆಂದು ಇಳಿಸಿ ಗೋಡೆಗೆ ಕೈಮುಗಿದ.

"ನಮಸ್ಕಾರ ಸಾರ್. ಊರಿಂದ ಯಾವಾಗ ಬಂದ್ರಿ?"

ಗೋಡೆ ಮಾತಾಡಲಿಲ್ಲ. ಅವನು ಕಣ್ಣುಜ್ಜಿಕೊಂಡು ಕೆಳಗಿನ ಸಾಲು ಓದಿದ. ಮೂರನೆಯ ಮಹಡಿಗೆ ಓಡಿ ಅಧ್ಯಕ್ಷರ ಬಾಗಿಲಿಗೆ ಬೀಗ ಬಿದ್ದಿರುವುದನ್ನು ನೋಡಿಕೊಂಡು ಬಂದ. "ಅಯ್ಯೋ! ಹೋದ ತಿಂಗಳು ಗಟ್ಟಿಮುಟ್ಟಾಗಿದ್ರು. ಸಿಲಿಂಡರ್ ತೂಕ ಕಮ್ಮಿ ಇದೆ ಅಂತ ಬೈದ್ರು!" ಎಂದು ಕಣ್ಣಲ್ಲಿ ನೀರು ತಂದುಕೊಂಡ. ನಾನು ಬಾಗಿಲು ತೆರೆದು ವಿಷಯ ಹೇಳುವಷ್ಟರಲ್ಲಿ ಅವನು ಇಳಿದು ಹೋಗಿಯಾಗಿತ್ತು. ಆಗ ಗೋಡೆಯ ಕಡೆ ತಿರುಗಿ ನೋಡಿದೆ. ಅರ್ಧ ಮುಚ್ಚಿದ ಕಣ್ಣು, ಗಂಟಿಕ್ಕಿದ ಹುಬ್ಬು, ದಪ್ಪ ಮೀಸೆ, ಎರಡು ಗಲ್ಲ. ಕಿವಿಗಳನ್ನು ಬಿಟ್ಟರೆ ಅಧ್ಯಕ್ಷರದೇ ತದ್ರೂಪ.

ಸುದ್ದಿಗೆ ಕಾಲಿಲ್ಲ ಅನ್ನುತ್ತಾರೆ. ಆವತ್ತು ಅದಕ್ಕೆ ಸಿಲಿಂಡರಿನ ಗಾಡಿಯೇ ಸಿಕ್ಕಿತ್ತು. ಅವನು ಮನೆಮನೆಗೆ ಗ್ಯಾಸ್ ಇಳಿಸುತ್ತ ಹೋದ, ಜೊತೆಗೆ ಅಧ್ಯಕ್ಷರ ಸಾವನ್ನೂ ಇಳಿಸುತ್ತ ಹೋದ. ಅವುಗಳಲ್ಲಿ ಒಂದು ಮನೆ ಅಧ್ಯಕ್ಷರ ಹಳೆಯ ಕಚೇರಿಯವರದು.

ನಾನು ಸಂಜೆ ಶಾಲೆಯಿಂದ ಬರುವಾಗ ಕೆಳಗೆ ಬಾಡಿಗೆ ಕಾರಿನಿಂದ ಅಧ್ಯಕ್ಷರು ಇಳಿಯುತ್ತಿದ್ದರು. ಜೀವಂತ. "ಮೇಷ್ಟ್ರೇ, ಈ ಚೀಲ ಸ್ವಲ್ಪ ಹಿಡೀರಿ," ಎಂದರು. ಹಿಡಿದೆ. ಹೇಳಬೇಕಾದದ್ದನ್ನು ಮೊದಲ ಮಹಡಿಯ ಒಳಗೆ ಹೇಳಿ ಮುಗಿಸಬೇಕೆಂದು ಲೆಕ್ಕ ಹಾಕಿ, "ಸಾರ್, ಒಂದು ಚಿತ್ರದ ವಿಷಯ..." ಎಂದು ಶುರುಮಾಡುವಷ್ಟರಲ್ಲಿ ಮೇಲಿನಿಂದ ದನಿಗಳು ಕೇಳಿಬಂದವು. ಅಧ್ಯಕ್ಷರು ಕೈ ಎತ್ತಿ ನನ್ನನ್ನು ತಡೆದರು.

"ಎಂಥಾ ಮನುಷ್ಯ," ಎನ್ನುತ್ತಿತ್ತು ಒಂದು ದನಿ. "ಒಂದೇ ಒಂದು ದಿನ ನಕ್ಕಿದ್ದು ನೋಡಿಲ್ಲ."

"ನಗದೇ ಇದ್ರೂ ಒಳ್ಳೇವ್ರು," ಎಂದಿತು ಇನ್ನೊಂದು.

"ಒಳ್ಳೇವ್ರಲ್ಲ ಅಂತ ನಾನೆಲ್ಲಿ ಹೇಳ್ದೆ? ನಗಲಿಲ್ಲ ಅಂದೆ. ನನ್ನ ರಜಾ ಅರ್ಜಿ ಎಷ್ಟು ಸಲ ಹರಿದು ಹಾಕಿದ್ದಾರೆ ಗೊತ್ತಾ?"

"ಸತ್ತವರ ಬಗ್ಗೆ ಹಾಗನ್ಬಾರ್ದು ಕಣಯ್ಯ."

"ಬದುಕಿದ್ದಾಗ ಅನ್ನೋಕೆ ಬಿಟ್ರಾ?"

ಅಧ್ಯಕ್ಷರು ಕೊನೆಯ ಮೆಟ್ಟಿಲನ್ನೂ ಹತ್ತಿದರು. ಸತ್ತವರಿಗೆ ಇಡುವ ಹೂವಿನ ದೊಡ್ಡ ಚಕ್ರವೊಂದನ್ನು ಗೋಡೆಗೆ ಒರಗಿಸಿಟ್ಟು, ಅದರ ಎರಡು ಪಕ್ಕ ಅವರ ಕಚೇರಿಯ ಇಬ್ಬರು ಹಳೆಯ ಸಹೋದ್ಯೋಗಿಗಳು ಮೆಟ್ಟಿಲ ಮೇಲೆ ಕೂತಿದ್ದರು. ಮೇಲೆ ಚಿತ್ರ. ಚಿತ್ರದ ಎದುರಿಗೆ ಅಧ್ಯಕ್ಷರು, ಅದೇ ಹುಬ್ಬು, ಅದೇ ಕಣ್ಣು. ಒಂದು ಕ್ಷಣ ಯಾರು ಯಾರನ್ನು ನೋಡುತ್ತಿದ್ದಾರೆಂದು ತಿಳಿಯಲಿಲ್ಲ. ರಜಾ ಅರ್ಜಿಯವರು ಎದ್ದು ನಿಲ್ಲಲು ಹೋಗಿ ಹೂವಿನ ಚಕ್ರದ ಮೇಲೆಯೇ ಕೂತರು.

ಸದ್ದಿಗೆ ಬೋರ್ಡಣ್ಣ ಹೊರಗೆ ಬಂದ.

"ಯಾರಿದು?" ಎಂದರು ಅಧ್ಯಕ್ಷರು, ಗೋಡೆ ತೋರಿಸಿ.

"ಮರಿ ಸಾರ್."

"ಯಾರ ಮರಿ?"

"ನಮ್ಮ ಬೆಕ್ಕು ಸಾರ್. ತೀರಿಕೊಂಡಿತಲ್ಲ, ಅದರ ನೆನಪಿಗೆ."

"ಬೆಕ್ಕು," ಎಂದರು ಅಧ್ಯಕ್ಷರು.

"ಈಗ ಹೇಳಿದ ಮೇಲೆ ಬೆಕ್ಕಿನ ಹಾಗೂ ಕಾಣುತ್ತೆ ಬಿಡಿ," ಎಂದು ಚಕ್ರದ ಮೇಲಿದ್ದವರು ಸಮಾಧಾನ ಹೇಳಿದರು.

ಆಮೇಲೆ ಅಧ್ಯಕ್ಷರು ಆಡಿದ್ದನ್ನೆಲ್ಲ ಬರೆಯುವುದು ಬೇಡ. ಕೊನೆಯ ತೀರ್ಪು ಇಷ್ಟು: ಕೆಳಗಿನಿಂದ ಮೇಲಿನವರೆಗೆ ಮೆಟ್ಟಿಲ ಗೋಡೆಗೆಲ್ಲ ಬೋರ್ಡಣ್ಣನೇ ಹೊಸದಾಗಿ ಬಿಳಿ ಬಣ್ಣ ಹೊಡೆದುಕೊಡಬೇಕು. ಭಾನುವಾರದ ಒಳಗೆ. "ಆ ಬೆಕ್ಕಿನ ಒಂದು ಗುರುತೂ ಈ ಕಟ್ಟಡದಲ್ಲಿ ಉಳೀಬಾರ್ದು. ಅದು ಬದುಕಿದ್ದಾಗಲೇ ನಾನು ಒಂದು ದಿನವೂ ನನ್ನ ಬಾಗಿಲಿಗೆ ಸೇರಿಸಿದವನಲ್ಲ!" ಎನ್ನುವಾಗ ಅವರ ದನಿ ಒಡೆಯಿತು. ಸಿಟ್ಟು ಅಷ್ಟಿತ್ತು ಎಂದುಕೊಂಡೆವು.

ಬೋರ್ಡಣ್ಣ ತಕರಾರು ಮಾಡಲಿಲ್ಲ. ನಾಚಿಕೆ ಅವನನ್ನು ಓಡಿಸುತ್ತಿತ್ತು. ಹಳೆಯ ಗೋಡೆಗೆ ಬಣ್ಣ ಹೊಡೆಯುವ ಮೊದಲು ಸೋಪಿನ ನೀರಿನಲ್ಲಿ ಒರೆಸಬೇಕು, ಕೊಳೆ ಇರುವಲ್ಲಿ ಉಪ್ಪುಕಾಗದದಿಂದ ಉಜ್ಜಬೇಕು, ಜಿಡ್ಡು ಹಿಡಿದ ಜಾಗದಲ್ಲಿ ಬಣ್ಣ ನಿಲ್ಲುವುದಿಲ್ಲ. ಇದು ಬ್ರಷ್ಷು ಹಿಡಿದವರಿಗೆಲ್ಲ ಗೊತ್ತಿರುವ ಮಾತು. ಬೋರ್ಡಕ್ಕ ಬಕೆಟ್ಟು ತಂದು ಇಟ್ಟಳು ಕೂಡ. ಅವನು ಅದನ್ನು ದಾಟಿಕೊಂಡು ಹೋಗಿ, ಧೂಳು, ಜೇಡರ ಬಲೆ, ಗುರುತು, ಎಲ್ಲದರ ಮೇಲೆ ಬಳಿಯುತ್ತ ಬಂದ. ತನ್ನ ಚಿತ್ರದ ಮುಂದೆ ಬಂದಾಗ ಮಾತ್ರ ಒಂದು ಗಳಿಗೆ ನಿಂತ. ಆಮೇಲೆ ಹರಿದ ಕಿವಿಯಿಂದಲೇ ಶುರುಮಾಡಿ ಬಿಳಿ ಬಳಿದುಬಿಟ್ಟ. ಅಕ್ಷರಗಳ ಮೇಲೆ ಬಳಿಯುವಾಗ ಅವನ ಮುಖ ನೋಡಲಾಗಲಿಲ್ಲ.

ಭಾನುವಾರ ಅಧ್ಯಕ್ಷರು ಬೆರಳು ಸವರಿ ಪರೀಕ್ಷೆ ಮಾಡುತ್ತ ಇಳಿದು ಹೋದರು. ಗೋಡೆಗಳು ಹಾಲಿನಂತಿದ್ದವು. ಬಣ್ಣ ಒಣಗಿದೆ ಎಂದಾದ ಮೇಲೆ ಅಜ್ಜಿಯ ಸ್ಟೂಲನ್ನು ಬಾಗಿಲ ಪಕ್ಕಕ್ಕೆ ತಂದಿಟ್ಟರು. ಅಜ್ಜಿ ಕೂತರು. ಎದುರಿನ ಬಿಳಿ ಗೋಡೆಯ ಬಗ್ಗೆ ಒಂದು ಮಾತೂ ಆಡಲಿಲ್ಲ. ಕೈ ಎಂದಿನಂತೆ ಪಕ್ಕಕ್ಕೆ ಜೋತುಬಿದ್ದು ಗೋಡೆಯ ಮೂಲೆಯನ್ನು ಮುಟ್ಟಿತು. ಅಲ್ಲಿಯೇ ನಿಂತಿತು. ಸ್ವಲ್ಪ ಮೇಲೆ ಹೋಯಿತು, ಕೆಳಗೆ ಬಂತು, ಮತ್ತೆ ಮೇಲೆ ಹೋಯಿತು.

"ಇಲ್ಲಿದ್ದದ್ದು ಏನಾಯ್ತು?" ಎಂದರು.

"ಏನಿತ್ತಮ್ಮ ಅಲ್ಲಿ?" ಎಂದ ಬೋರ್ಡಣ್ಣ. "ಏನೋ ಕಪ್ಪು ಕಲೆ ಇತ್ತು, ಬಳಿದೆ."

"ಕಲೆ ಅಲ್ವೋ ಅದು. ಒಳಗೆ ಬರ್ತಾ ಹೊರಗೆ ಹೋಗ್ತಾ ಅವನು ಕೆನ್ನೆ ಉಜ್ತಿದ್ದ ಜಾಗ. ಅಷ್ಟು ವರ್ಷ ಉಜ್ಜಿ ಉಜ್ಜಿ ಅವನ ಮೈಯ ಜಿಡ್ಡೆಲ್ಲ ಇಳಿದು ನುಣ್ಣಗಾಗಿತ್ತು, ಅವನ ಕೆನ್ನೆ ಹಾಗೇ. ದಿನಾ ಮುಟ್ಕೊಂಡು ಕೂತಿರ್ತಿದ್ದೆ." ಅಜ್ಜಿಯ ದನಿ ಏರಲಿಲ್ಲ. "ಆ ಚಿತ್ರ ನನಗೆ ಕಾಣ್ಲೇ ಇಲ್ಲ ಕಣಪ್ಪ. ನೀನು ಪ್ರೀತಿಯಿಂದ ಬರೆದಿದ್ದೆ, ಬೇಜಾರಾಗ್ಬಾರ್ದು ಅಂತ ಚೆನ್ನಾಗಿದೆ ಅಂದೆ. ಇದೊಂದು ಇತ್ತು. ಇದನ್ನ ಮುಟ್ಟಿದ್ರೆ ಮುಖ ಬಂದುಬಿಡುತ್ತೇನೋ ಅಂತ ಇದ್ದೆ."

ಬೋರ್ಡಣ್ಣ ಮೆಟ್ಟಿಲ ಮೇಲೆ ಕುಸಿದು ಕೂತ. ಅವನ ಕೈಯ ಬೆರಳ ಸಂದಿಗಳಲ್ಲಿ ಇನ್ನೂ ಬಿಳಿ ಬಣ್ಣವಿತ್ತು. "ಕೆರೆದು ತೆಗೀಲಾ ಅಮ್ಮ?" ಎಂದ. ತಾನೇ ತಲೆಯಾಡಿಸಿದ. ಕೆರೆದರೆ ಬಣ್ಣದ ಜೊತೆಗೆ ಆ ಜಿಡ್ಡೂ ಹೋಗುತ್ತದೆ ಎಂದು ಅವನಿಗೆ ಗೊತ್ತಿತ್ತು. ಅಷ್ಟು ದೊಡ್ಡ ಗಂಡಸು ಮೊಣಕಾಲ ಮೇಲೆ ತಲೆಯಿಟ್ಟು ಅತ್ತ. ನಾನು ನನ್ನ ಬಾಗಿಲು ಹಾಕಿಕೊಂಡೆ. ಕೆಲವೊಂದನ್ನು ನೋಡುವುದು ಸರಿಯಲ್ಲ.

ಒಂದು ವಾರ ಆ ಮನೆಯಿಂದ ಸದ್ದೇ ಇರಲಿಲ್ಲ. ಅಜ್ಜಿ ಹೊರಗೆ ಬಂದು ಕೂರುವುದನ್ನು ಬಿಟ್ಟಿದ್ದರು. ಆಮೇಲೆ ಒಂದು ದಿನ ಬೆಳಿಗ್ಗೆ ಮೇಲಿನಿಂದ ಅಧ್ಯಕ್ಷರ ಗರ್ಜನೆ ಕೇಳಿಸಿತು.

"ಏನು ಬಣ್ಣ ರೀ ಇದು! ನೀರು ಬೆರೆಸಿ ಹೊಡೆದಿದ್ದೀರಾ? ಕಲೆ ಎದ್ದು ಬಂದಿದೆ!"

ಬೋರ್ಡಣ್ಣ ಬನಿಯನ್ನಿನಲ್ಲೇ ಹೊರಗೆ ಬಂದ. ಮೇಲೆ ನೋಡಿದ. ಏನೋ ಹೊಳೆದವನಂತೆ ಮೇಲೆ ಹೋಗದೆ ತನ್ನ ಬಾಗಿಲ ಪಕ್ಕಕ್ಕೆ ಬಗ್ಗಿದ. ಗೋಡೆಯ ಮೂಲೆಯಲ್ಲಿ ಒಂದೂವರೆ ಗೇಣಿನ ಎತ್ತರದಲ್ಲಿ, ಬಿಳಿಯ ಒಳಗಿನಿಂದ ಕಂದುಹಳದಿ ಬಣ್ಣದ ಒಂದು ಮಚ್ಚೆ ಎದ್ದುಬಂದಿತ್ತು. ಅದರ ಮೇಲಿನ ಹೊಸ ಬಣ್ಣ ಸಿಪ್ಪೆಯಂತೆ ಬಿಟ್ಟುಕೊಂಡಿತ್ತು.

"ಅಮ್ಮಾ!" ಎಂದು ಅವನು ಕೂಗಿದ್ದು ಕೆಳಗಿನ ಟೈಲರಮ್ಮನವರೆಗೂ ಕೇಳಿಸಿರಬೇಕು.

ಅಜ್ಜಿಯನ್ನು ಕರೆತಂದು ಕೂರಿಸಿ, ಅವರ ಕೈ ಹಿಡಿದು ಅಲ್ಲಿಟ್ಟ. ಅಜ್ಜಿ ಉಗುರಿನ ತುದಿಯಿಂದ ಮೆಲ್ಲಗೆ ಮುಟ್ಟಿದರು. ಬಣ್ಣದ ಚಕ್ಕೆ ತಾನಾಗಿ ಕಳಚಿ ಬಿತ್ತು. ಅವರ ಬೆರಳು ಒಳಗಿನ ನುಣ್ಣನೆಯ ಜಾಗದ ಮೇಲೆ ಒಮ್ಮೆ ಓಡಾಡಿ ನಿಂತಿತು.

"ಬಂದ," ಎಂದರು ಅಜ್ಜಿ.

ನೆಟ್ಟಗೆ ಕೆಲಸ ಮಾಡುವ ಪೈಂಟರಾಗಿದ್ದರೆ ಸೋಪು ಹಾಕಿ ತೊಳೆದು, ಉಜ್ಜಿ, ಮರಿಯನ್ನು ಶಾಶ್ವತವಾಗಿ ತೆಗೆದುಬಿಡುತ್ತಿದ್ದ. ಬೋರ್ಡಣ್ಣನ ಕೈಲಿ ಆ ಕೆಲಸವೂ ಸರಿಯಾಗಿ ಆಗಿರಲಿಲ್ಲ. ಅದಕ್ಕಾಗಿ ನಾನು ಅವನ ಆರು ಬೆರಳನ್ನೂ ಕ್ಷಮಿಸಿದ್ದೇನೆ.

ಅಷ್ಟರಲ್ಲಿ ಡಾಕ್ಟರೂ ಟೈಲರಮ್ಮನೂ ಹತ್ತಿ ಬಂದಿದ್ದರು. ಇಬ್ಬರ ಮುಖವೂ ಒಂಥರಾ ಇತ್ತು. "ನಿಮ್ಮಲ್ಲೂ ಬಂತಾ?" ಎಂದ ಬೋರ್ಡಣ್ಣ. ಡಾಕ್ಟರು ಟೈಲರಮ್ಮನ ಕಡೆ ನೋಡಿದರು, ಟೈಲರಮ್ಮ ಡಾಕ್ಟರ ಕಡೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಹಾಗಾಯಿತು. ಕ್ಲಿನಿಕ್ಕಿನ ಬಾಗಿಲ ಪಕ್ಕ ಒಂದು, ಅಂಗಡಿಯ ಬಾಗಿಲ ಪಕ್ಕ ಒಂದು, ಎಲ್ಲವೂ ಅಷ್ಟೇ ಎತ್ತರದಲ್ಲಿ. ಹೊರ ಗೋಡೆಯ ಮುಂದೆ ಸುಮ್ಮನೆ ಹಾದುಹೋದರೆ ಹಾಗಾಗುವುದಿಲ್ಲ. ದಿನಾ ಒಳಗೆ ಹೋಗಬೇಕು, ಹೊರಗೆ ಬರಬೇಕು, ವರ್ಷಗಟ್ಟಲೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದೆ ಎಂದು ಗಾದೆ ಇದೆ. ನಮ್ಮ ಕಟ್ಟಡದಲ್ಲಿ ಕಣ್ಣು ಮುಚ್ಚಿಕೊಂಡಿದ್ದವರು ಹಾಲು ಹಾಕಿದವರು.

"ಮೇಲೆ ಬನ್ರೀ! ನೋಡ್ರೀ!" ಎಂದು ಅಧ್ಯಕ್ಷರು ಮತ್ತೆ ಕೂಗಿದರು.

ಎಲ್ಲರೂ ಹೋದೆವು. ಅಜ್ಜಿಯೂ ಬರುತ್ತೇನೆಂದರು, ಬೋರ್ಡಣ್ಣ ತೋಳು ಹಿಡಿದು ಹತ್ತಿಸಿದ. ಅಧ್ಯಕ್ಷರು ತಮ್ಮ ಬಾಗಿಲಲ್ಲಿ ನಿಂತು ಗೋಡೆಗೆ ಬೆರಳು ತೋರಿಸುತ್ತಿದ್ದರು. ಎಲ್ಲರೂ ಆ ಕಡೆ ನೋಡಿದೆವು.

ಅಂಥ ಮಚ್ಚೆ ಇಡೀ ಕಟ್ಟಡದಲ್ಲಿರಲಿಲ್ಲ. ಅಂಗೈಗಿಂತ ಅಗಲ, ಕಾಫಿಯಷ್ಟು ಗಾಢ. ಅದೂ ಬಾಗಿಲ ಎರಡು ಪಕ್ಕದಲ್ಲಿ.

ಅಧ್ಯಕ್ಷರ ಬೆರಳು ಇನ್ನೂ ಗಾಳಿಯಲ್ಲಿತ್ತು. ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿದರು. ಅದು ಏನೆಂದು ಅವರಿಗೆ ಆಗ ಹೊಳೆದಿರಬೇಕು; ಕೈ ಮೆಲ್ಲಗೆ ಕೆಳಗಿಳಿಯಿತು. ಅವರ ಹಿಂದೆ ತೆರೆದ ಬಾಗಿಲೊಳಗೆ, ಗೋಡೆಯ ಬುಡದಲ್ಲಿ, ಒಂದು ಸಣ್ಣ ಸ್ಟೀಲ್ ಬಟ್ಟಲು ತೊಳೆದು ಬೋರಲು ಹಾಕಿತ್ತು.

ಅಜ್ಜಿ ತಡವರಿಸುತ್ತ ಮುಂದೆ ಹೋಗಿ ಬಗ್ಗಿ ಗೋಡೆಯನ್ನು ಮುಟ್ಟಿದರು. ಬಹಳ ಹೊತ್ತು ಸವರಿದರು.

"ಮಧ್ಯಾಹ್ನ ಊಟ ಆದ್ಮೇಲೆ ಎಲ್ಲಿಗೆ ಹೋಗ್ತಾನೆ ಅಂತ ನನಗೆ ತಿಳೀತಿರಲಿಲ್ಲ," ಎಂದರು. "ಇಲ್ಲಿ ಇರ್ತಿದ್ನಾ?"

ಅಧ್ಯಕ್ಷರು ಬಾಯಿ ತೆರೆದರು. ಕಚೇರಿಯ ದನಿ ಬರಲಿಲ್ಲ.

"ಹಾಲು ಬೆಚ್ಚಗಿರ್ಬೇಕಿತ್ತು ಅವನಿಗೆ," ಎಂದರು. "ತಣ್ಣಗಿದ್ರೆ ಮುಟ್ತಿರಲಿಲ್ಲ. ಕುಡಿದು ನನ್ನ ಪಕ್ಕದ ಕುರ್ಚಿಯಲ್ಲಿ ಮಲಗ್ತಿದ್ದ. ನನ್ನ ಹೆಂಡತಿ ಕುರ್ಚಿ ಅದು. ಅದರಲ್ಲಿ ಬೇರೆ ಯಾರನ್ನೂ ನಾನು ಕೂರಿಸ್ತಿರಲಿಲ್ಲ." ತಿರುಗಿ ಆ ಬಟ್ಟಲಿನ ಕಡೆ ನೋಡಿದರು. "ಹೋದ ಅಂತ ಗೊತ್ತಾದಾಗ ಕೆಳಗೆ ಬಂದು ಕೇಳೋಣ ಅನ್ನಿಸ್ತು. ಆ ಬೋರ್ಡು ಬರೆಸಿದವನು ಯಾವ ಮುಖ ಇಟ್ಕೊಂಡು ಬರ್ಲಿ ಅಮ್ಮ?"

ಅಜ್ಜಿ ಗೋಡೆಯಿಂದ ಕೈ ತೆಗೆದು ಅವರ ಕೈ ಹುಡುಕಿ ಹಿಡಿದುಕೊಂಡರು. ಅವರಿಬ್ಬರೂ ಹಾಗೆಯೇ ನಿಂತರು. ಡಾಕ್ಟರು ಛಾವಣಿ ನೋಡತೊಡಗಿದರು. ಟೈಲರಮ್ಮ ಮೂಗು ಒರೆಸಿಕೊಂಡರು.

ಬೋರ್ಡಣ್ಣ ಇಂಥ ಸಮಯದಲ್ಲಿ ಸುಮ್ಮನಿರಬೇಕೆಂದು ತಿಳಿಯದವನು. "ಹಾಗಿದ್ರೆ ಸಾರ್," ಎಂದ, "ಇನ್ನೊಂದು ಸಲ ಚಿತ್ರ ಬರೀಲಾ? ಈ ಸಲ ನಿಮ್ಮ ಒಪ್ಪಿಗೆ ತಗೊಂಡು?"

"ಬೇಡ!" ಎಂದೆವು ಎಲ್ಲರೂ ಒಟ್ಟಿಗೆ.

ಅಧ್ಯಕ್ಷರು ಮಾತ್ರ ಹುಬ್ಬು ಗಂಟಿಕ್ಕಿ ಅವನನ್ನು ನೋಡಿದರು. ಆ ಕ್ಷಣದಲ್ಲಿ, ಆಣೆ ಮಾಡಿ ಹೇಳುತ್ತೇನೆ, ಅವರು ಮರಿಯ ಹಾಗೆಯೇ ಕಾಣುತ್ತಿದ್ದರು.

"ಮುಖ ನನ್ನ ಹಾಗಿತ್ತು ಅಂತ ಸಿಟ್ಟು ಬಂದದ್ದಲ್ಲ ಕಣಯ್ಯ ನನಗೆ," ಎಂದರು. "ಹರಿದದ್ದು ಎಡಗಿವಿ. ನೀನು ಬಲಗಿವಿ ಹರಿದಿದ್ದೆ."

ಅಜ್ಜಿ ಕಣ್ಣು ಮುಚ್ಚಿಕೊಂಡರು. ಖಾಲಿ ಗಾಳಿಯಲ್ಲಿ ಅವರ ಇನ್ನೊಂದು ಕೈ ಎದ್ದು, ಯಾವುದೋ ತಲೆಯನ್ನು ನೇವರಿಸಿ, ಒಂದು ಕಡೆ ಬಂದು ನಿಂತಿತು.

"ಹೌದು," ಎಂದರು. "ಎಡಗಿವಿ. ಈಗ ಕಂಡ."

ಆ ಮಚ್ಚೆಗಳಿಗೆ ಮತ್ತೆ ಯಾರೂ ಬಣ್ಣ ಹೊಡೆಸಲಿಲ್ಲ. ಬೋರ್ಡಣ್ಣ ಅವುಗಳ ಸುತ್ತ ಒಂದು ಸಣ್ಣ ಗೆರೆ ಎಳೆಯುತ್ತೇನೆಂದು ಹೊರಟಿದ್ದ, ಬೋರ್ಡಕ್ಕ ಬ್ರಷ್ಷು ಕಿತ್ತುಕೊಂಡಳು. ಕೆಳಗಿನ ಬೋರ್ಡನ್ನು ಅಧ್ಯಕ್ಷರೇ ಇಳಿಸಿದರು. ಮಧ್ಯಾಹ್ನ ಊಟವಾದ ಮೇಲೆ ಅವರು ಕೆಳಗಿಳಿದು ಬಂದು ಅಜ್ಜಿಯ ಸ್ಟೂಲಿನ ಪಕ್ಕ ಒಂದು ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಹೆಂಡತಿಯ ಕುರ್ಚಿಯೇ ಇರಬೇಕು. ಇಬ್ಬರೂ ಹೆಚ್ಚು ಮಾತಾಡುವುದಿಲ್ಲ. ಅಜ್ಜಿ ಇಳಿಯಬೇಕಾದಾಗ ಅವರು ಒಂದು ಮೆಟ್ಟಿಲು ಮುಂದೆ ಹೋಗಿ, ಮೆಟ್ಟಿಲಿಗೊಮ್ಮೆ ಕೆಮ್ಮುತ್ತಾರೆ.

ನನ್ನ ಬಾಗಿಲ ಪಕ್ಕದಲ್ಲೂ ಒಂದು ಮಚ್ಚೆ ಎದ್ದಿದೆ. ಚಿಕ್ಕದೇನಲ್ಲ. ಬೆಕ್ಕುಗಳ ಬಗ್ಗೆ ನನಗೆ ವಿಶೇಷ ಒಲವಿಲ್ಲ ಎಂದು ಮೊದಲೇ ಹೇಳಿದ್ದೇನೆ. ಆದರೆ ಶಾಲೆಯಿಂದ ಬಂದು ಬೀಗ ತೆಗೆಯುವಾಗ ಕೈ ತಾನಾಗಿ ಕೆಳಗೆ ಹೋಗುತ್ತದೆ, ನಾನು ತಡೆಯಲು ಹೋಗಿಲ್ಲ.